ನಿಮಗಿದು ಗೊತ್ತೇ? ಚಾಮರಾಜನಗರದಿಂದ ರಷ್ಯನ್ ಭಾಷೆ ಎಷ್ಟು ದೂರ?

◆ ಜೂನ್, ಜುಲೈ ಬಂತೆಂದರೆ ಗುಂಡ್ಲುಪೇಟೆಯ ರಸ್ತೆಬದಿ ಹೊಲಗಳಲ್ಲಿ ಸೂರ್ಯಕಾಂತಿ ಅರಳುತ್ತದೆ. ಊಟಿಗೋ ವಯನಾಡಿಗೋ ಹೊರಟ ಕಾರುಗಳು ಸಾಲಾಗಿ ನಿಲ್ಲುತ್ತವೆ, ಜನ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಈ ಬೆಳೆಗೆ ಬೇರು ಕೊಟ್ಟದ್ದು ರಷ್ಯಾದ ಬೀಜ ಎಂಬುದು ನಿಮಗೆ ಗೊತ್ತೇ?

ಸೂರ್ಯಕಾಂತಿಯ ಹುಟ್ಟೂರು ಉತ್ತರ ಅಮೆರಿಕ. ಯುರೋಪಿಗೆ ಅದು ಬಂದದ್ದು ತೋಟದ ಅಂದದ ಹೂವಾಗಿ. 1829ರಲ್ಲಿ ರಷ್ಯಾದ ಅಲೆಕ್ಸೆಯೆವ್ಕ ಎಂಬ ಊರಿನಲ್ಲಿ ದನೀಲ್ ಬೊಕರ್ಯೋವ್ ಎಂಬ ಜೀತದಾಳು ಅದರ ಬೀಜದಿಂದ ಎಣ್ಣೆ ತೆಗೆದ. ನಾಲ್ಕೇ ವರ್ಷದಲ್ಲಿ ಅಲ್ಲಿ ಎಣ್ಣೆಗಾಣದ ಕಾರ್ಖಾನೆ ಎದ್ದಿತು. ಆರ್ಥಡಾಕ್ಸ್ ಕ್ರೈಸ್ತರ ದೀರ್ಘ ಉಪವಾಸಗಳಲ್ಲಿ ಮಾಂಸ, ಹಾಲು, ಬೆಣ್ಣೆ ಎಲ್ಲಕ್ಕೂ ನಿಷೇಧವಿತ್ತು. ಹೊಸ ಗಿಡದ ಎಣ್ಣೆ ಆ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಅದು ಮನೆಮನೆಗೂ ನುಗ್ಗಿತು. ರಷ್ಯನ್ನರು ಅದನ್ನು 'ಉಪವಾಸದ ಎಣ್ಣೆ' ಎಂದೇ ಕರೆದರು. ಮುಂದೆ ಕ್ರಾಸ್ನೊದಾರ್‌ನಲ್ಲಿ ತಳಿವಿಜ್ಞಾನಿ ವಸೀಲಿ ಪುಸ್ತೊವೊಯ್ತ್ (1886–1972) ದಶಕಗಳ ಕಾಲ ದುಡಿದು, ಮೂರನೆಯ ಒಂದು ಪಾಲಿನಷ್ಟಿದ್ದ ಬೀಜದ ಎಣ್ಣೆಯಂಶವನ್ನು ಅರ್ಧದ ಹತ್ತಿರಕ್ಕೆ ತಂದರು.

◆ ಆ ಸೋವಿಯತ್ ತಳಿಗಳೇ 1960ರ ದಶಕದ ಕೊನೆಗೆ ಭಾರತಕ್ಕೆ ಬಂದವು. ಖಾದ್ಯ ಎಣ್ಣೆಯ ಅಭಾವ ಕಾಡುತ್ತಿದ್ದ ಕಾಲ ಅದು. ಇ.ಸಿ. 68414, ಇ.ಸಿ. 68415 ಎಂಬ ಬರಿಯ ಸಂಖ್ಯೆಗಳಲ್ಲಿ ನಮ್ಮ ಕೃಷಿ ದಾಖಲೆಗಳನ್ನು ಸೇರಿದ ಬೀಜಗಳು ರಷ್ಯಾದವು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್-1 ಎಂಬ ಹೈಬ್ರಿಡ್ ತಳಿಯನ್ನು ಬಿಡುಗಡೆ ಮಾಡಿತು. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಅದು.

ಇಷ್ಟು ಹತ್ತಿರದ ನಂಟಿದ್ದೂ ನಮ್ಮ ಜಿಲ್ಲೆಯ ಮಕ್ಕಳು ಪಿಯುಸಿ ಮುಗಿಸಿ ಮುಂದೇನು ಎಂದು ಕೇಳುವಾಗ 'ರಷ್ಯನ್ ಕಲಿಯಬಹುದಲ್ಲ' ಎಂದು ಹೇಳುವವರು ಸಿಗುವುದಿಲ್ಲ. ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಕನ್ನಡ ಬಲ್ಲವರಿಗೆ ಆ ಭಾಷೆ ಒಳಗಿನಿಂದ ಬಹಳ ಪರಿಚಿತ.

◆ ರಷ್ಯನ್ನಿನಲ್ಲಿ 33 ಅಕ್ಷರ: ಹತ್ತು ಸ್ವರ, ಇಪ್ಪತ್ತೊಂದು ವ್ಯಂಜನ, ಉಳಿದೆರಡಕ್ಕೆ ಸ್ವಂತ ಉಚ್ಚಾರವೇ ಇಲ್ಲ. ಒಂದು, ಹಿಂದಿನ ವ್ಯಂಜನವನ್ನು ಮೆದುವಾಗಿಸುವ ಗುರುತು. ಇನ್ನೊಂದು, ಬಿಡಿಸಿ ಹೇಳಿಸುವ ಗುರುತು. 1918ರ ಲಿಪಿ ಸುಧಾರಣೆಯಲ್ಲಿ ಕೆಲವು ಹಳೆಯ ಅಕ್ಷರಗಳನ್ನು ಕೈಬಿಟ್ಟರು. ನಮ್ಮ ಕಾಗುಣಿತ ಬರೆದ ಕೈಗೆ ಈ ಲಿಪಿ ದೊಡ್ಡ ಹೊರೆಯಲ್ಲ.

◆ ಇಂಗ್ಲಿಷ್ ಮಾತ್ರ ಬಲ್ಲವರು ರಷ್ಯನ್ನಿನ ಎರಡು ಅಕ್ಷರಗಳ ಮುಂದೆ ತಿಣುಕುತ್ತಾರೆ, ಎರಡೂ ಅವರ ಕಿವಿಗೆ ಒಂದೇ. ಕನ್ನಡಿಗರಿಗೆ ಆ ತೊಡಕಿಲ್ಲ. ಒಂದು ನಮ್ಮ 'ಷ'ಕ್ಕೆ ಹತ್ತಿರ, ಇನ್ನೊಂದು 'ಶ'ಕ್ಕೆ ಹತ್ತಿರ, ಕೊಂಚ ಎಳೆದು ಹೇಳಬೇಕು ಅಷ್ಟೆ. 'ಷಣ್ಮುಖ', 'ಶಂಕರ' ಎಂಬ ಹೆಸರುಗಳನ್ನು ಬೇರೆಬೇರೆಯಾಗಿ ಹೇಳಲು ಪ್ರೈಮರಿ ಶಾಲೆಯಲ್ಲಿ ಮೇಷ್ಟರು ತಿದ್ದಿದ್ದರೆ, ಆ ಪಾಠ ಇಲ್ಲಿ ಕೈಹಿಡಿಯುತ್ತದೆ.

◆ 'ಇದು ಮನೆ' ಎನ್ನಲು ರಷ್ಯನ್ನರು 'ಎತ ದೋಮ್' ಎನ್ನುತ್ತಾರೆ. ಎರಡೇ ಪದ, ಕ್ರಿಯಾಪದವಿಲ್ಲ. 'ಅವಳು ಡಾಕ್ಟರ್' ಎನ್ನಲು 'ಅನಾ ವ್ರಾಚ್'. ಇಂಗ್ಲಿಷಿನ ಹಾಗೆ ನಡುವೆ ಇನ್ನೊಂದು ಪದ ತುರುಕುವ ಗೋಜು ನಮಗೂ ಇಲ್ಲ, ಅವರಿಗೂ ಇಲ್ಲ.

◆ 'ನನಗೆ ಇಪ್ಪತ್ತು ವರ್ಷ' ಎಂಬ ವಾಕ್ಯವನ್ನು ನೋಡಿ. ಅಲ್ಲಿ 'ನಾನು' ಇಲ್ಲ, 'ನನಗೆ' ಇದೆ. ರಷ್ಯನ್ನಿನಲ್ಲೂ ವಯಸ್ಸು ಹೇಳುವುದು ಚತುರ್ಥಿಯಲ್ಲೇ. 'ನನಗೆ ಚಳಿ', 'ನನಗೆ ಇಷ್ಟ', 'ನನಗೆ ಬೇಜಾರು' ಎಲ್ಲವೂ ಹೀಗೆಯೇ. 'ನನ್ನ ಹತ್ತಿರ ಪುಸ್ತಕ ಇದೆ' ಎನ್ನುವುದಕ್ಕೂ ಅವರ ವಾಕ್ಯ ಅದೇ ದಾರಿ ಹಿಡಿಯುತ್ತದೆ: 'ಉ ಮಿನ್ಯಾ ಯೇಸ್ತ್ ಕ್ನೀಗ', ಅಂದರೆ ನನ್ನ ಬಳಿ ಇದೆ ಪುಸ್ತಕ. ಇಂಗ್ಲಿಷಿನ ಮೂಲಕ ರಷ್ಯನ್ ಕಲಿಯುವ ನಮ್ಮ ಹುಡುಗರು ಇದನ್ನು ಒಮ್ಮೆ ಇಂಗ್ಲಿಷಿಗೆ ತಿರುಗಿಸಿ, ಮತ್ತೆ ರಷ್ಯನ್ನಿಗೆ ತಿರುಗಿಸಿ ಸುಸ್ತಾಗುತ್ತಾರೆ. ನೇರವಾಗಿ ಕನ್ನಡದಿಂದ ಹೊರಟರೆ ಅರ್ಧ ದಾರಿ ಉಳಿಯುತ್ತದೆ. ಕನ್ನಡದ ಮೂಲಕವೇ ರಷ್ಯನ್ ಕಲಿಸುವ ಒಂದು ಒಳ್ಳೆಯ ಪಠ್ಯಪುಸ್ತಕ ನಮ್ಮ ವಿಶ್ವವಿದ್ಯಾಲಯಗಳಿಂದ ಬರಬೇಕು ಎಂಬುದು ನನ್ನ ಬಲವಾದ ಆಸೆ.

◆ ರಷ್ಯನ್ನಿನಲ್ಲಿ ವಿಭಕ್ತಿ ಆರು. ನಮ್ಮ ವೈಯಾಕರಣ ಕೇಶಿರಾಜನ ಏಳನ್ನು ಬಾಯಿಪಾಠ ಮಾಡಿದವರು ಹೆದರಬೇಕಿಲ್ಲ.

◆ ಹೆದರಬೇಕಾದ್ದು ಬೇರೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕನ್ನಡದಲ್ಲಿ 'ದೊಡ್ಡ ಮರ', 'ದೊಡ್ಡ ಮರಕ್ಕೆ', 'ದೊಡ್ಡ ಮರದಲ್ಲಿ' ಎನ್ನುವಾಗ 'ದೊಡ್ಡ' ಅಲುಗಾಡುವುದಿಲ್ಲ. ರಷ್ಯನ್ನಿನಲ್ಲಿ ವಿಶೇಷಣವೂ ನಾಮಪದದ ಜೊತೆಗೇ ರೂಪ ಬದಲಿಸುತ್ತದೆ. ಲಿಂಗ ಅಲ್ಲೂ ಮೂರೇ, ಆದರೆ ಅರ್ಥ ನೋಡಿ ತೀರ್ಮಾನಿಸುವ ಹಾಗಿಲ್ಲ: ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ ನಪುಂಸಕ, ಆಕಾಶದ ಸೂರ್ಯನೂ ನಪುಂಸಕ. ಎಣಿಸುವುದಂತೂ ಒಂದು ವ್ರತ. ಒಂದು ವರ್ಷಕ್ಕೆ 'ಗೋದ್', ಎರಡರಿಂದ ನಾಲ್ಕಕ್ಕೆ 'ಗೋದ', ಐದಾದರೆ 'ಲೇತ್'. 'ನಾನು ಓದಿದೆ' ಎಂದು ಹೇಳುವಾಗ ಹುಡುಗ 'ಚಿತಾಲ್' ಎನ್ನಬೇಕು, ಹುಡುಗಿ 'ಚಿತಾಲ' ಎನ್ನಬೇಕು.

ಇನ್ನು 'ಹೋಗು' ಎಂಬ ಕ್ರಿಯಾಪದ. ಗುಂಡ್ಲುಪೇಟೆಯಿಂದ ಮೈಸೂರಿಗೆ ಹೋದೆ ಎಂದು ನಾವು ಸುಮ್ಮನೆ ಹೇಳುತ್ತೇವೆ. ರಷ್ಯನ್ನಿನಲ್ಲಿ ನಡೆದು ಹೋದಿರೋ ವಾಹನದಲ್ಲಿ ಹೋದಿರೋ, ಒಂದು ದಿಕ್ಕಿಗೋ ಹೋಗಿಬಂದದ್ದೋ ಎಂಬುದನ್ನು ಕ್ರಿಯಾಪದವೇ ಹೇಳಬೇಕು. ತಪ್ಪಿದರೆ ಕೇಳಿದವರು ನೀವು ಅರವತ್ತು ಕಿಲೋಮೀಟರ್ ಕಾಲ್ನಡಿಗೆಯಲ್ಲೇ ಹೋದಿರಿ ಎಂದುಕೊಳ್ಳುತ್ತಾರೆ. ಈ ಚಲನೆಯ ಕ್ರಿಯಾಪದಗಳಿಗಾಗಿಯೇ ಪ್ರತ್ಯೇಕ ಅಭ್ಯಾಸ ಪುಸ್ತಕಗಳಿವೆ.

◆ 'ನೀನು' ಮತ್ತು 'ನೀವು' ಎರಡೂ ಅಲ್ಲಿವೆ: 'ತಿ' ಮತ್ತು 'ವಿ'. ಯಾರಿಗೆ ಯಾವುದು, ಒಂದರಿಂದ ಇನ್ನೊಂದಕ್ಕೆ ಯಾವಾಗ ಇಳಿಯಬಹುದು ಎಂಬುದರ ಸೂಕ್ಷ್ಮ ನಮ್ಮ ಮನೆಗಳಲ್ಲಿರುವಷ್ಟೇ ಅಲ್ಲೂ ಇದೆ. ಈ ಎರಡು ಪದಗಳ ಮೇಲೆಯೇ ಪುಶ್ಕಿನ್ 1828ರಲ್ಲಿ ಒಂದು ಪುಟ್ಟ ಕವಿತೆ ಬರೆದ.

ಇದು ಯಾಕೆ ಮುಖ್ಯ? ಕನ್ನಡಕ್ಕೆ ರಷ್ಯನ್ ಸಾಹಿತ್ಯ ಬಂದದ್ದು ಬಹುಪಾಲು ಇಂಗ್ಲಿಷಿನ ದಾರಿಯಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ದೇ. ಜವರೇಗೌಡರು ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯಂಥ ಬೃಹತ್ ಕಾದಂಬರಿಯನ್ನು ಕನ್ನಡಕ್ಕೆ ತಂದರು. ನಿರಂಜನರು ಗಾರ್ಕಿಯ 'ತಾಯಿ'ಯನ್ನು ತಂದರು. ಓ.ಎಲ್. ನಾಗಭೂಷಣ ಸ್ವಾಮಿ ನಮ್ಮ ಕಾಲದಲ್ಲಿ 'ಯುದ್ಧ ಮತ್ತು ಶಾಂತಿ'ಯನ್ನು ಹೊಸದಾಗಿ ಅನುವಾದಿಸಿದರು. ಈ ಹಿರಿಯರ ಋಣ ದೊಡ್ಡದು. ಆದರೆ ರಷ್ಯನ್ ಮೂಲದಲ್ಲಿ ಸ್ಪಷ್ಟವಾಗಿರುವ ನೀನು-ನೀವು ಭೇದ ಇಂಗ್ಲಿಷಿಗೆ ಬಂದಾಗ ಅಳಿಸಿಹೋಗುತ್ತದೆ. ಪ್ರೇಮಿಗಳು ಮೊದಲ ಸಲ 'ನೀವು' ಬಿಟ್ಟು 'ನೀನು' ಎಂದ ಕ್ಷಣ ಇಂಗ್ಲಿಷ್ ಪುಟದಲ್ಲಿ ಕಾಣುವುದೇ ಇಲ್ಲ. ಅಲ್ಲಿಂದ ಕನ್ನಡಕ್ಕೆ ತರುವವರು ಊಹಿಸಿಯೇ ಆ ಭೇದವನ್ನು ಮರಳಿ ಕಟ್ಟಬೇಕು. ಎರಡೂ ತುದಿಯಲ್ಲಿ ಇರುವ ಸಂಪತ್ತು ನಡುದಾರಿಯಲ್ಲಿ ಕಳೆದುಹೋಗುತ್ತಿದೆ. ಮೂಲದಿಂದಲೇ ಓದಬಲ್ಲ ಒಬ್ಬ ಕನ್ನಡಿಗ, ಒಬ್ಬ ಕನ್ನಡತಿ ಸಾಕು, ಇದು ನಿಲ್ಲಲು.

◆ ಆ ಕಡೆಯವರು ಈ ಕೆಲಸವನ್ನು ಎಂದೋ ಮಾಡಿದ್ದಾರೆ, ಗೊತ್ತೇ? ದ್ರಾವಿಡ ಭಾಷಾವಿಜ್ಞಾನಿ ಮಿಖಾಯಿಲ್ ಆಂದ್ರೊನೊವ್ 1962ರಲ್ಲೇ ರಷ್ಯನ್ನಿನಲ್ಲಿ ಕನ್ನಡ ಭಾಷೆಯ ಬಗ್ಗೆ ಪುಸ್ತಕ ಬರೆದರು. ಅದರ ಇಂಗ್ಲಿಷ್ ರೂಪ 1969ರಲ್ಲಿ ಮಾಸ್ಕೋದಿಂದಲೇ ಹೊರಬಂತು. 1979ರಲ್ಲಿ ಅವರೂ ಸಂಗಡಿಗರೂ ಸೇರಿ ಕನ್ನಡ-ರಷ್ಯನ್ ನಿಘಂಟನ್ನೇ ಪ್ರಕಟಿಸಿದರು. ಆ ನಿಘಂಟನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ.

◆ ರಷ್ಯನ್ ತರಗತಿಯಲ್ಲಿ ಗುರುಗಳನ್ನು ಸರ್, ಮೇಡಂ ಎಂದು ಕರೆಯುವುದಿಲ್ಲ. ಹೆಸರು ಮತ್ತು ತಂದೆಯ ಹೆಸರು ಸೇರಿಸಿ ಕರೆಯುವುದೇ ಮರ್ಯಾದೆ. ಇವಾನನ ಮಗಳು ಮರೀಯ ಅಂದರೆ 'ಮರೀಯ ಇವಾನೊವ್ನ'. ತಂದೆ ಮಹದೇವ್ ಆದರೆ ಮಗ ಮಹದೇವೊವಿಚ್, ಮಗಳು ಮಹದೇವೊವ್ನ. ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಜೊತೆ ಇನಿಷಿಯಲ್ ಆಗಿ ನಿಲ್ಲುವ ಅಪ್ಪ ಅಲ್ಲಿ ಪೂರ್ತಿ ಹೆಸರಾಗಿಯೇ ಜೊತೆಗಿರುತ್ತಾನೆ. ತಂದೆಯ ಹೆಸರಿನ ಮಾತು ಬಂದಾಗ ಜಿಲ್ಲೆಯ ಹೆಸರೂ ನೆನಪಾಗಬೇಕು. ಅರಿಕುಠಾರ ಎಂಬ ಊರಿಗೆ ಅಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರಿಟ್ಟು ಚಾಮರಾಜನಗರ ಮಾಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. 1818ರ ಸಂಗತಿ ಅದು.

◆ ಹೊಸ್ತಿಲಿನ ಮೇಲೆ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎನ್ನುತ್ತಾರಲ್ಲ ನಮ್ಮ ಅಜ್ಜಿಯರು? ರಷ್ಯನ್ನರು ಹೊಸ್ತಿಲಿನ ಆಚೀಚೆ ನಿಂತು ಕೈ ಕುಲುಕುವುದೂ ಇಲ್ಲ. ಮನೆಯೊಳಗೆ ಶಿಳ್ಳೆ ಹಾಕಿದರೆ ದುಡ್ಡು ನಿಲ್ಲುವುದಿಲ್ಲ ಎನ್ನುತ್ತಾರೆ. ಕರಿಬೆಕ್ಕು ಅಡ್ಡ ಬಂದರೆ ಅವರೂ ಹಿಂಜರಿಯುತ್ತಾರೆ. ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಮನೆಮಂದಿಯೆಲ್ಲ ಒಂದು ಗಳಿಗೆ ಸುಮ್ಮನೆ ಕುಳಿತು ಏಳುವ ಪದ್ಧತಿ ಮಾತ್ರ ಅವರದೇ.

◆ ಅತಿಥಿಗೆ ರೊಟ್ಟಿ ಮತ್ತು ಉಪ್ಪು ಕೊಟ್ಟು ಸ್ವಾಗತ. ಉಪ್ಪಿನ ಋಣ ಎಂಬ ಮಾತು ಗೊತ್ತಿರುವ ನಮಗೆ ಇದಕ್ಕೆ ವಿವರಣೆ ಬೇಡ.

◆ ಸೆಪ್ಟೆಂಬರ್ 1 ಅಲ್ಲಿ 'ಜ್ಞಾನದ ದಿನ'. ಶಾಲೆ ಶುರುವಾಗುವ ದಿನ ಮಕ್ಕಳು ಮೇಷ್ಟರಿಗೆ ಹೂಗುಚ್ಛ ಹಿಡಿದು ಬರುತ್ತಾರೆ. ಚೆಂಡು ಹೂವನ್ನು ಎಕರೆಗಟ್ಟಲೆ ಬೆಳೆಯುವ ಗುಂಡ್ಲುಪೇಟೆಯವರು ರಷ್ಯಾಕ್ಕೆ ಹೋದರೆ ಒಂದು ನೆನಪಿಡಿ: ಕೊಡುವ ಹೂವಿನ ಸಂಖ್ಯೆ ಬೆಸವಾಗಿರಬೇಕು. ಸಮ ಸಂಖ್ಯೆಯ ಹೂವು ಸಾವಿನ ಮನೆಗೆ ಮಾತ್ರ.

◆ ಜುಲೈ 29ರಂದು ಬಂಡೀಪುರದಲ್ಲಿ ಆಚರಿಸುವ ವಿಶ್ವ ಹುಲಿ ದಿನ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ! 2010ರ ನವೆಂಬರ್‌ನಲ್ಲಿ ಹುಲಿಗಳಿರುವ 13 ದೇಶಗಳು ಅಲ್ಲಿ ಸಭೆ ಸೇರಿ, 2022ರ ಹೊತ್ತಿಗೆ ಕಾಡುಹುಲಿಗಳ ಸಂಖ್ಯೆಯನ್ನು ಇಮ್ಮಡಿಗೊಳಿಸುವ ಗುರಿ ಹಾಕಿಕೊಂಡವು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಬಂಡೀಪುರವೂ ಒಂದು. ಪೀಟರ್ಸ್‌ಬರ್ಗ್ ಸಭೆಯ ಬೆನ್ನಿಗೇ, 2011ರ ಹೊತ್ತಿಗೆ ನಮ್ಮ ಬಿಳಿಗಿರಿರಂಗನ ಬೆಟ್ಟವೂ ಹುಲಿ ಮೀಸಲು ಪ್ರದೇಶವಾಯಿತು. ಅಮುರ್ ನದಿಯ ಹಿಮದಲ್ಲಿ ಓಡಾಡುವ ಹುಲಿಗೂ ಬಂಡೀಪುರದ ಹುಲಿಗೂ ಜಾತಿ ಒಂದೇ.

◆ ಹುಲಿಯ ಮಾತು ಬಂದಾಗ ರಷ್ಯನ್ ಓದುವವರು ಬಿಡಬಾರದ ಪುಸ್ತಕ 'ದೆರ್ಸು ಉಜಾಲ'. ಸೇನೆಯ ಸರ್ವೇ ಅಧಿಕಾರಿ ವ್ಲಾದಿಮಿರ್ ಅರ್ಸೆನ್ಯೆವ್ ದೂರಪೂರ್ವದ ಕಾಡುಗಳಲ್ಲಿ ತನಗೆ ದಾರಿ ತೋರಿದ ಬುಡಕಟ್ಟಿನ ಬೇಟೆಗಾರನ ಬಗ್ಗೆ ಬರೆದದ್ದು ಅದು, ಅಚ್ಚಾದದ್ದು 1923ರಲ್ಲಿ. ಜಪಾನಿನ ನಿರ್ದೇಶಕ ಅಕಿರ ಕುರೊಸಾವ 1975ರಲ್ಲಿ ಅದನ್ನು ಸಿನಿಮಾ ಮಾಡಿ ಸೋವಿಯತ್ ಒಕ್ಕೂಟಕ್ಕೆ ಆಸ್ಕರ್ ತಂದುಕೊಟ್ಟ. ದೆರ್ಸು ಹುಲಿಯನ್ನು 'ಅಂಬ' ಎಂದು ಕರೆದು, ಅದರೊಂದಿಗೆ ಮನುಷ್ಯರ ಜೊತೆ ಮಾತಾಡುವಂತೆ ಮಾತಾಡುತ್ತಾನೆ. ಬೆಂಕಿ, ಗಾಳಿ, ಪ್ರಾಣಿ ಎಲ್ಲವೂ ಅವನಿಗೆ 'ಜನ'. ಬಿಳಿಗಿರಿಯ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ಅವರ ನೆರೆಯ ಬೆಟ್ಟದ ಮಾದಪ್ಪನ ವಾಹನವೇ ಹುಲಿ. ಪುಸ್ತಕದ ದೆರ್ಸು ನಮ್ಮ ಜಿಲ್ಲೆಯ ಓದುಗರಿಗೆ ಅರ್ಥವಾಗುವಷ್ಟು ಮಾಸ್ಕೋದವರಿಗೂ ಅರ್ಥವಾಗಲಾರ ಎಂದು ನನಗೆ ಅನ್ನಿಸುತ್ತದೆ.

◆ ಕನ್ನಡ ಎಂ.ಎ. ಓದಿ ಜಾನಪದ ಪತ್ರಿಕೆ ಬರೆದವರು ವ್ಲಾದಿಮಿರ್ ಪ್ರೊಪ್ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. 1928ರಲ್ಲಿ ಈತ ನೂರು ರಷ್ಯನ್ ಕಿನ್ನರಕಥೆಗಳನ್ನು ಬಿಡಿಸಿ ನೋಡಿದ. ಕಥೆಗಳು ಎಷ್ಟೇ ಇರಲಿ, ಅವುಗಳಲ್ಲಿ ನಡೆಯುವ ಕಾರ್ಯಗಳು 31ನ್ನು ಮೀರುವುದಿಲ್ಲ, ಅವು ಬರುವ ಕ್ರಮವೂ ಒಂದೇ ಎಂದ. ನಾಯಕ ಮನೆ ಬಿಡುವುದು, ನೆರವಿನವರು ಸಿಗುವುದು, ದುಷ್ಟನೊಡನೆ ಹೋರಾಟ, ಗೆದ್ದು ಮರಳುವುದು, ಹೀಗೆ. ಆ ಕಥೆಗಳು ಬಂದದ್ದು ಅಲೆಕ್ಸಾಂದರ್ ಅಫನಾಸ್ಯೆವ್ 1855ರಿಂದ 1863ರವರೆಗೆ ಪ್ರಕಟಿಸಿದ ಸುಮಾರು 600 ಕಥೆಗಳ ಸಂಗ್ರಹದಿಂದ.

ಪ್ರೊಪ್‌ನನ್ನು ನಾವು ಪರೀಕ್ಷೆಗೆ ಓದಿ ಮರೆಯುತ್ತೇವೆ. ನಿಜವಾದ ಸೊಗಸು ಇರುವುದು ಎರಡೂ ಕಡೆಯ ಹಾಡುಗಾರರನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ. 1860ರ ದಶಕದಲ್ಲಿ ಪಾವೆಲ್ ರಿಬ್ನಿಕೊವ್ ಎಂಬಾತ ಉತ್ತರದ ಒನೇಗ ಸರೋವರದ ದಂಡೆಯಲ್ಲಿ 'ಬಿಲೀನ' ಎಂಬ ವೀರಕಾವ್ಯಗಳನ್ನು ರೈತರ ಬಾಯಿಂದ ಬರೆದುಕೊಂಡ. ಅವು ಸತ್ತೇಹೋಗಿವೆ ಎಂದು ರಾಜಧಾನಿಯ ವಿದ್ವಾಂಸರು ನಂಬಿದ್ದ ಕಾಲ ಅದು. ತ್ರೊಫೀಮ್ ರ್ಯಾಬಿನಿನ್ ಎಂಬ ರೈತ ಹಾಡಿದ್ದನ್ನು ಕೇಳಿ ಅವರು ಬೆರಗಾದರು. ನಮ್ಮಲ್ಲಿ ಕಂಸಾಳೆಯ ದೇವರಗುಡ್ಡರು ಮಾದಪ್ಪನ ಕಥೆಯನ್ನು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ಇವತ್ತಿಗೂ ಹಾಡುತ್ತಿದ್ದಾರೆ. ಪಿ.ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಒನೇಗದ ಹಾಡುಗಾರರ ಪರಂಪರೆ ಈಗ ಹೆಚ್ಚಾಗಿ ಪುಸ್ತಕದಲ್ಲಿದೆ, ನಮ್ಮದು ಜಾತ್ರೆಯಲ್ಲಿದೆ. ಬಿಲೀನಗಳನ್ನು ಮೂಲದಲ್ಲಿ ಓದಬಲ್ಲ, ಕಂಸಾಳೆಯನ್ನು ಹುಟ್ಟಿನಿಂದ ಕೇಳಿ ಬೆಳೆದ ಒಬ್ಬ ಸಂಶೋಧನಾ ವಿದ್ಯಾರ್ಥಿ ಚಾಮರಾಜನಗರದಿಂದ ಬಂದರೆ, ಅವರು ಬರೆಯುವ ಪ್ರಬಂಧವನ್ನು ಬೇರೆ ಯಾವ ಊರಿನವರೂ ಬರೆಯಲಾರರು.

◆ ಕರ್ನಾಟಕದ ನೆಲದ ಬಗ್ಗೆ ಬರೆದ ಮೊದಲ ರಷ್ಯನ್ ಅಫನಾಸಿ ನಿಕಿತಿನ್, ತ್ವೇರ್ ಊರಿನ ವ್ಯಾಪಾರಿ. ವಾಸ್ಕೊ ಡ ಗಾಮ ಬರುವುದಕ್ಕೆ ಕಾಲು ಶತಮಾನ ಮೊದಲೇ ಬಹಮನಿಗಳ ಬೀದರಿಗೆ ಬಂದು, ಸುಲ್ತಾನನ ಆನೆಗಳ ಮೆರವಣಿಗೆಯನ್ನು ಬಣ್ಣಿಸಿದ. ಮಾರಲೆಂದು ತಂದಿದ್ದ ಕುದುರೆಯನ್ನು ಜುನ್ನಾರದ ಅಧಿಕಾರಿ ಕಿತ್ತುಕೊಂಡಾಗ ಪಟ್ಟ ಪಾಡನ್ನೂ ಬರೆದಿದ್ದಾನೆ. ಮರಳುವಾಗ ಊರು ಮುಟ್ಟುವ ಮೊದಲೇ ತೀರಿಕೊಂಡ. ಅವನ ಕಥೆ 'ಪರದೇಸಿ' ಹೆಸರಿನ ಇಂಡೋ-ಸೋವಿಯತ್ ಸಿನಿಮಾ ಆಯಿತು. ನಟಿಸಿದವರಲ್ಲಿ ನರ್ಗಿಸ್ ಕೂಡ ಇದ್ದರು.

◆ ಬೆಂಗಳೂರು ಕನಕಪುರ ರಸ್ತೆಯ ತಾತಗುಣಿ ಎಸ್ಟೇಟ್ ರಷ್ಯನ್ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾರಾಣಿಯವರದಾಗಿತ್ತು. ರೋರಿಕ್ ಅವರ ಚಿತ್ರಗಳನ್ನು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಈಗಲೂ ನೋಡಬಹುದು.

◆ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಭಾರತದ ಮೊದಲ ಉಪಗ್ರಹ ಆರ್ಯಭಟ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ರಾಕೆಟ್ಟಿನಲ್ಲಿ. ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ವಾಯುಪಡೆ ಅಧಿಕಾರಿಗಳು 2020–21ರಲ್ಲಿ ಮಾಸ್ಕೋ ಬಳಿಯ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆದಾಗ ರಷ್ಯನ್ ಭಾಷೆಯ ಪಾಠವೂ ಅದರ ಭಾಗವಾಗಿತ್ತು.

◆ ರಷ್ಯಾದಲ್ಲಿ ಎಂಬಿಬಿಎಸ್ ಓದಲು ಹೋಗುವ ನಮ್ಮ ಮಕ್ಕಳಿಗೆ ಒಂದು ಮಾತು. ಭಾರತದ 2021ರ ನಿಯಮದಂತೆ ಪಾಠ ಇಂಗ್ಲಿಷಿನಲ್ಲೇ ಇರಬೇಕು, ಕೋರ್ಸು ಕನಿಷ್ಠ 54 ತಿಂಗಳು ನಡೆಯಬೇಕು. ಆದರೆ ವಾರ್ಡಿನ ರೋಗಿ ಮಾತಾಡುವುದು ರಷ್ಯನ್ನೇ. ಎಲ್ಲಿ ನೋವು, ಎಂದಿನಿಂದ, ಚುಚ್ಚುತ್ತದೋ ಉರಿಯುತ್ತದೋ ಎಂದು ಕೇಳಲು ಬಾರದವರು ಹಾಸಿಗೆಯ ಪಕ್ಕ ಸುಮ್ಮನೆ ನಿಲ್ಲಬೇಕಾಗುತ್ತದೆ. ಹೊರಡುವ ಮುಂಚಿನ ತಿಂಗಳುಗಳಲ್ಲೇ ಲಿಪಿ, ಎಣಿಕೆ ಮತ್ತು ದಿನಬಳಕೆಯ ಇನ್ನೂರು ಪದ ಕಲಿತು ಹೋದರೆ ಮೊದಲ ವರ್ಷ ಹಗುರಾಗುತ್ತದೆ. ಅಪ್ಪ ಅಮ್ಮ ಸಾಲ ಮಾಡಿ ಕಳಿಸುವಾಗ ಏಜೆಂಟರು ಈ ಮಾತನ್ನು ಹೇಳುವುದು ಕಡಿಮೆ.

◆ ಭಾಷೆಯನ್ನೇ ಪದವಿಯಾಗಿ ಓದಬೇಕೆಂದರೆ? 1965ರಲ್ಲಿ ದೆಹಲಿಯಲ್ಲಿ ರಷ್ಯನ್ ಅಧ್ಯಯನ ಸಂಸ್ಥೆ ಆರಂಭವಾಯಿತು. ಆಮೇಲೆ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ಅದಕ್ಕಿಂತ ನಮಗೆ ಹತ್ತಿರದ್ದು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಅಲ್ಲೂ ರಷ್ಯನ್ ವಿಭಾಗವಿದೆ. ಭಾಷಾ ಪ್ರಾವೀಣ್ಯದ ರಷ್ಯಾದ ಅಧಿಕೃತ ಪರೀಕ್ಷೆಯಲ್ಲಿ ಆರು ಹಂತ. 'ರಷ್ಯನ್ ಹೌಸ್' ಎಂಬ ಸಾಂಸ್ಕೃತಿಕ ಕೇಂದ್ರಗಳು ದೇಶದ ಐದು ಊರಲ್ಲಿವೆ, ದಕ್ಷಿಣದಲ್ಲಿ ಚೆನ್ನೈ ಮತ್ತು ತಿರುವನಂತಪುರ. ಭಾಷಾ ತರಗತಿ, ರಷ್ಯಾ ಸರ್ಕಾರದ ವಿದ್ಯಾರ್ಥಿವೇತನ ಎರಡರ ಮಾಹಿತಿಯೂ ಅಲ್ಲಿ ಸಿಗುತ್ತದೆ. ಆ ವೇತನದಲ್ಲಿ ಹೋದವರು ಅಲ್ಲಿ ಸಾಮಾನ್ಯವಾಗಿ ಮೊದಲ ಒಂದು ವರ್ಷ ಭಾಷೆಯನ್ನೇ ಕಲಿತು, ಆಮೇಲೆ ವಿಷಯಕ್ಕೆ ಕಾಲಿಡುತ್ತಾರೆ.

ಬೇಡರಪುರದ ಆವರಣದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಅಲ್ಲಿ ವಾರಕ್ಕೆರಡು ಸಂಜೆ ರಷ್ಯನ್ನಿನ ಒಂದು ಸರ್ಟಿಫಿಕೇಟ್ ಕೋರ್ಸು ನಡೆಸಲು ಒಂದು ಕೊಠಡಿ, ಒಬ್ಬ ಮೇಷ್ಟರು, ಹತ್ತು ಹದಿನೈದು ಮಕ್ಕಳು ಇದ್ದರೆ ಸಾಕು. ಜಿಲ್ಲೆಯವರು ಇದನ್ನು ಕೇಳಿ ಪಡೆಯಬೇಕು.

◆ ದೆಹಲಿ, ಹೈದರಾಬಾದಿನ ಪದವಿ ತರಗತಿಗೆ ಸೇರಲು ರಷ್ಯನ್ ಮೊದಲೇ ಬರಬೇಕಿಲ್ಲ. ಅಕ್ಷರಾಭ್ಯಾಸ ಅಲ್ಲೇ ಆಗುತ್ತದೆ. ಪ್ರವೇಶಕ್ಕೆ ಬರೆಯಬೇಕಾದ ಸಿಯುಇಟಿ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ. ಅವುಗಳಲ್ಲಿ ಕನ್ನಡವೂ ಇದೆ.